ದೊಡ್ಡವರಿಗೆ ನಕಾಶೆ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಶಿರಸಿ–ಸಿದ್ದಾಪುರ–ಯಲ್ಲಾಪುರದ ಕಡೆಯಲ್ಲಿ ಕೆಲಸಕ್ಕೆ ಸೇರುವವರಿಗೆ ತರಬೇತಿ ಕೊಡುವವರಿಗಾಗಿ ಬರೆದದ್ದು ಇದು. ನಮ್ಮ ತರಗತಿಗೆ ಬರುವವರು ಡೆಲಿವರಿ ಹುಡುಗರು, ಆಂಬುಲೆನ್ಸ್ ಚಾಲಕರು, ಲೈನ್‌ಮನ್‌ಗಳು, ಫಾರೆಸ್ಟ್ ವಾಚರುಗಳು, ಸರ್ವೆಯವರ ಜೊತೆ ಚೈನು ಹಿಡಿಯುವವರು, ಆಶಾ ಕಾರ್ಯಕರ್ತೆಯರು, ಬೋಟಿನವರು. ಪ್ರಶ್ನೆಗಳಲ್ಲಿ ಕೆಲವು ಕಲಿಸುವವರದ್ದು, ಕೆಲವು ಕಲಿಯುವವರದ್ದು.

ಎಲ್ಲರ ಕೈಯಲ್ಲೂ ಫೋನಿದೆ. ಮತ್ತೆ ನಕಾಶೆ ಯಾಕೆ?

ಫೋನು ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಹೋಗಬೇಕಾದ ಜಾಗ ಅದಕ್ಕೆ ಗೊತ್ತಿದ್ದರೆ ಅಲ್ಲಿಗೆ ಕರೆದೊಯ್ಯುತ್ತದೆ. ಕೆಲಸದಲ್ಲಿ ತಾಪತ್ರಯ ಶುರುವಾಗುವುದು ಇದರ ಉಲ್ಟಾ ಸಂದರ್ಭದಲ್ಲಿ. ಮಳೆಗಾಲದ ರಾತ್ರಿ ತಂತಿಯ ಮೇಲೆ ಮರ ಬಿದ್ದಿದೆ, ನೋಡಿದ ಲೈನ್‌ಮನ್ ಆ ಜಾಗವನ್ನು ಹೆಸ್ಕಾಂ ಸೆಕ್ಷನ್ ಆಫೀಸಿಗೆ ಹೇಳಬೇಕು. ವಾಚರಿಗೆ ಕಾಡಿನಲ್ಲಿ ಹೊಗೆ ಕಂಡಿದೆ, ರೇಂಜ್ ಆಫೀಸಿಗೆ ತಿಳಿಸಬೇಕು. ಬೋಟಿನ ಎಂಜಿನ್ ಕೆಟ್ಟಿದೆ, ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಹಚ್ಚಿದರೆ ಅವರು ಮೊದಲು ಕೇಳುವುದೇ "ಎಲ್ಲಿದ್ದೀರಿ?" ಎಂದು.

ಆಗ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಇಲ್ಲೇ ಮಾರಾಯ, ಸಂಕ ದಾಟಿದ ಮೇಲೆ ಹಲಸಿನ ಮರದ ಹತ್ತಿರ." ಹೇಳಿದವನಿಗೆ ಇದಕ್ಕಿಂತ ಖಚಿತವಾದ ವಿಳಾಸವೇ ಇಲ್ಲ. ಕೇಳಿದವನಿಗೆ ಏನೂ ಸಿಕ್ಕಿಲ್ಲ. ದಾರಿ ಹುಡುಕುವುದನ್ನು ಯಂತ್ರ ಮಾಡಲಿ, ಬೇಸರವಿಲ್ಲ. ತಾನು ಎಲ್ಲಿದ್ದೇನೆ ಎಂದು ಆ ಊರು ಕಾಣದವನಿಗೆ ಹೇಳಿ, ಅವನನ್ನು ಅಲ್ಲಿಗೇ ಬರಿಸುವುದನ್ನು ಮನುಷ್ಯನೇ ಕಲಿಯಬೇಕು. ನಮ್ಮ ಪಾಠವೆಲ್ಲ ಈ ಒಂದು ಗುರಿಗೆ ಕಟ್ಟಿದ್ದು.

ಲೊಕೇಶನ್ ಶೇರ್ ಮಾಡಿದರೆ ಮುಗಿಯಿತಲ್ಲ?

ಸಿಗ್ನಲ್ ಇದ್ದರೆ ಮುಗಿಯಿತು. ದೇವಿಮನೆ ಘಟ್ಟದಲ್ಲಿ, ಅರಬೈಲ್ ಘಟ್ಟದಲ್ಲಿ, ಜೋಯಿಡಾದ ಒಳಗಿನ ಹಳ್ಳಿಗಳಲ್ಲಿ ಅದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದು ವಿಷಯ ಮಾತ್ರ ಬಹಳ ಜನರಿಗೆ ಗೊತ್ತಿರುವುದಿಲ್ಲ: ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ. ನೆಟ್‌ವರ್ಕ್ ಸತ್ತಿದ್ದರೂ ಫೋನು ಉಪಗ್ರಹಗಳಿಂದ ತನ್ನ ಜಾಗ ಹಿಡಿಯುತ್ತದೆ. ಕಾಣೆಯಾಗುವುದು ಹಿಂದಿನ ನಕಾಶೆಯ ಚಿತ್ರ ಮಾತ್ರ. ಹಾಗಾಗಿ ಮನೆಯಲ್ಲಿ ವೈಫೈ ಇರುವಾಗಲೇ ತಾಲ್ಲೂಕಿನ ನಕಾಶೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ಆಫ್‌ಲೈನ್ ಸೌಲಭ್ಯವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆ್ಯಪ್‌ಗಳಲ್ಲಿ ಕಾಲುದಾರಿಗಳು ಎಷ್ಟೋ ಕಡೆ ಇನ್ನೂ ಚೆನ್ನಾಗಿ ಸಿಗುತ್ತವೆ. ಆಮೇಲೆ ಒಂದು ಸಾದಾ ಕರೆಗೆ ಸಿಗ್ನಲ್ ಸಿಗುವ ಜಾಗಕ್ಕೆ ನಡೆದು, ಬರೆದುಕೊಂಡ ಅಂಕಿಗಳನ್ನು ಬಾಯಲ್ಲಿ ಹೇಳಬೇಕು. ಬಾಯಲ್ಲಿ ಹೇಳುವ ಅಭ್ಯಾಸ ಇಲ್ಲಿ ಬೇಕಾಗುತ್ತದೆ.

ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಇದೆಲ್ಲ ತಲೆಗೆ ಹೋದೀತೇ?

ಹೋಗುತ್ತದೆ. ಓದು ಬರಹ ಕಡಿಮೆ ಇದ್ದವರಲ್ಲಿ ಜಾಗದ ನೆನಪು ಕಡಿಮೆ ಎಂದು ಭಾವಿಸುವುದು ಪೇಟೆಯವರ ಭ್ರಮೆ. ಸೊಪ್ಪಿನ ಬೆಟ್ಟದಲ್ಲಿ ನಲವತ್ತು ವರ್ಷ ಓಡಾಡಿದ ಹೆಂಗಸಿಗೆ ಯಾವ ಹಳ್ಳ ಯಾವ ತಿಂಗಳಲ್ಲಿ ದಾಟಬಹುದು ಎಂಬುದು ಬೆರಳ ತುದಿಯಲ್ಲಿರುತ್ತದೆ. ಆ ಮಾಹಿತಿ ಸರ್ಕಾರಿ ನಕಾಶೆಯಲ್ಲೂ ಇಲ್ಲ. ಅವರಿಗೆ ಬೇಕಾದದ್ದು ತಲೆಯಲ್ಲಿರುವುದನ್ನು ಕಾಗದದ ಜೊತೆ ಹೊಂದಿಸುವ ಕ್ರಮ. ಅಂಕಿ ಓದಲು ಬಂದರೆ ಸಾಕು, ಶುರು ಮಾಡಬಹುದು. ಅಕ್ಷರ ಬಾರದವರಿಗೆ ನಕಾಶೆಯ ಚಿಹ್ನೆಗಳು ಅಕ್ಷರಕ್ಕಿಂತ ಬೇಗ ಹತ್ತುತ್ತವೆ.

ಶಾಲೆಯ ವಾಸನೆ ಮಾತ್ರ ಬರಬಾರದು. ಬೆಂಚಿನ ಮೇಲೆ ಕೂರಿಸಿ, "ನಕಾಶೆ ಎಂದರೇನು? ಹೇಳಿ" ಎಂದು ಎಬ್ಬಿಸಿ ನಿಲ್ಲಿಸಿದರೆ ಐವತ್ತು ದಾಟಿದ ಚಾಲಕ ಮರುದಿನ ಬರುವುದಿಲ್ಲ. ಹಾಗೆ ಕೇಳುವ ಸಂಪನ್ಮೂಲ ವ್ಯಕ್ತಿಗಳು ಇನ್ನೂ ಇದ್ದಾರೆ.

ಮೊದಲ ದಿನ ಎಲ್ಲಿಂದ ಶುರು ಮಾಡಬೇಕು?

ನೆಲದಿಂದ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಅಂಗಳವೋ, ದೇವಸ್ಥಾನದ ಚಂದ್ರಶಾಲೆಯೋ, ಬಂದರಿನ ಹರಾಜು ಕಟ್ಟೆಯೋ ಆದೀತು. ರಂಗೋಲಿ ಪುಡಿ, ಇಟ್ಟಿಗೆ ಚೂರು, ಎಲೆ, ಕಡ್ಡಿ ಕೊಟ್ಟು ಅವರದೇ ಊರನ್ನು ನೆಲದ ಮೇಲೆ ಬಿಡಿಸಲು ಹೇಳಿ. ನೀವು ಕೈ ಹಾಕಬೇಡಿ.

ಮೊದಲು ಬರುವುದು ರಸ್ತೆ ಮತ್ತು ಹೊಳೆ, ಆಮೇಲೆ ದೇವಸ್ಥಾನ, ಸೊಸೈಟಿ, ಶಾಲೆ. ಸ್ವಲ್ಪ ಹೊತ್ತಿಗೆ ಜಗಳ ಹತ್ತುತ್ತದೆ. "ನಿಮ್ಮ ಮನೆ ಹೊಳೆಯ ಆಚೆ ಅಲ್ಲವಾ ಅಕ್ಕ, ಈಚೆ ಯಾಕೆ ಇಟ್ಟೆ?" ಈ ಜಗಳವೇ ಪಾಠ. ಯಾವುದರ ಯಾವ ಬದಿಗೆ ಏನಿದೆ ಎಂಬ ಸಂಬಂಧ ಇಲ್ಲಿ ಮಾತಿಗೆ ಬರುತ್ತದೆ. ನೆಲದ ನಕಾಶೆಯಲ್ಲಿ ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಬಂದಿರುತ್ತದೆ. ಬಿಡಿಸಿದವರ ಮನೆ ಪಂಚಾಯಿತಿ ಕಟ್ಟಡಕ್ಕಿಂತ ದೊಡ್ಡದಿರುತ್ತದೆ. ಅದನ್ನು ತಿದ್ದಬೇಡಿ. ಮರುದಿನ ಅದೇ ಊರಿನ ಉಪಗ್ರಹ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಪಕ್ಕದಲ್ಲಿ ಹಾಸಿದರೆ ಅವರೇ ತಿದ್ದಿಕೊಳ್ಳುತ್ತಾರೆ. ನಿಮ್ಮ ಬಾಯಿಂದ ಸ್ಕೇಲು (ನಕಾಶೆಯ ಅಳತೆಗೂ ನೆಲದ ಅಳತೆಗೂ ಇರುವ ಪ್ರಮಾಣ) ಎಂಬ ಮಾತು ಮೊದಲ ಬಾರಿಗೆ ಬರಬೇಕಾದದ್ದು ಆಗ.

ಆಶಾ ಕಾರ್ಯಕರ್ತೆಯರಿಗೆ, ಜನಗಣತಿಗೆ ಹೋಗುವವರಿಗೆ ಈ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮನೆಗಳ ಸಾಲನ್ನು ಬಿಟ್ಟುಹೋಗದಂತೆ ಬಿಡಿಸುವುದು ಅವರ ಕೆಲಸದ ಭಾಗವೇ.

ಉತ್ತರ ದಿಕ್ಕು ಯಾವುದು ಎಂದು ಗೊತ್ತಾಗುವುದೇ ಇಲ್ಲ. ಸುಲಭದ ದಾರಿ ಇದೆಯೇ?

ಕರಾವಳಿಯವರಿಗೆ ಇದೆ. ಕಡಲು ಪಡುವಣಕ್ಕೆ, ಘಟ್ಟ ಮೂಡಣಕ್ಕೆ. ಕಡಲಿಗೆ ಮುಖ ಮಾಡಿ ನಿಂತರೆ ಬಲಗೈ ಗೋವಾದ ಕಡೆಗೆ, ಎಡಗೈ ಮಂಗಳೂರಿನ ಕಡೆಗೆ. ನಕಾಶೆಯ ಮೇಲ್ಭಾಗ ಬಲಗೈ ಕಡೆಗೆ ಬರುವಂತೆ ತಿರುಗಿಸಿ ಹಿಡಿಯಿರಿ. ಇಷ್ಟು ತಿಳಿದರೆ ಕಾರವಾರ, ಕುಮಟಾ, ಹೊನ್ನಾವರದಲ್ಲಿ ದಿಕ್ಸೂಚಿ ಇಲ್ಲದೆಯೂ ನಡೆಯುತ್ತದೆ. ನಕಾಶೆಯನ್ನು ತಿರುಗಿಸಿ ಹಿಡಿಯುವುದು ದಡ್ಡತನ ಎಂದು ಯಾರೋ ಹೇಳಿಟ್ಟಿದ್ದಾರೆ. ಪಳಗಿದ ಸರ್ವೆಯವರೂ ತಿರುಗಿಸಿಯೇ ಹಿಡಿಯುತ್ತಾರೆ.

ಶಿರಸಿ ಸೀಮೆಯಲ್ಲಿ ಈ ಆಟ ನಡೆಯದು. ಅಡಿಕೆ ತೋಟದ ಕಣಿವೆಯಲ್ಲಿ ನಿಂತರೆ ನಾಲ್ಕೂ ಕಡೆ ಗುಡ್ಡ. ಅಲ್ಲಿ ಸೂರ್ಯನನ್ನು ಕೇಳಬೇಕು, ಅದೂ ಎಚ್ಚರಿಕೆಯಿಂದ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಪುಸ್ತಕದಲ್ಲಿ ಓದಿ ಬಂದವರು ಮೇ ತಿಂಗಳಲ್ಲಿ ಮೋಸ ಹೋಗುತ್ತಾರೆ. ನಮ್ಮ ಜಿಲ್ಲೆ ಇರುವುದು 14–15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಕಾರವಾರ, ಶಿರಸಿಗಳಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದ ತನಕ ನಡುಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಡುಮಧ್ಯಾಹ್ನ ಎಂದರೆ ಗಡಿಯಾರದ 12 ಗಂಟೆಯೂ ಅಲ್ಲ. ಭಾರತದ ಸಮಯವನ್ನು 82.5 ಡಿಗ್ರಿ ರೇಖಾಂಶದಲ್ಲಿ ಎಣಿಸುತ್ತಾರೆ, ನಾವು ಅದಕ್ಕಿಂತ ಎಂಟು ಡಿಗ್ರಿ ಪಶ್ಚಿಮಕ್ಕಿದ್ದೇವೆ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12:30ರ ಸುಮಾರಿಗೆ. ಡಿಸೆಂಬರಿನಲ್ಲಿ ಹುಟ್ಟುವ ಸೂರ್ಯನೂ ನೇರ ಮೂಡಣದಲ್ಲಿರುವುದಿಲ್ಲ, 24 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ.

ಯಾವ ಕಾಲಕ್ಕೂ ಆಗುವ ಉಪಾಯ ಒಂದು ಕೋಲು. ಸಮತಟ್ಟು ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಗೆ ಒಂದು ಕಲ್ಲಿಡಿ. ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ನಡುಹಗಲಿಗೆ ಹತ್ತಿರವಾದಷ್ಟೂ ಹೆಚ್ಚು ಸರಿ. ದಿಕ್ಸೂಚಿ ಇದ್ದರೆ ಅದರ ಮುಳ್ಳನ್ನೇ ನಂಬಬಹುದು. ನಮ್ಮ ಕಡೆ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ತೀರ ಕಡಿಮೆ. ಬೈಕಿನ ಟ್ಯಾಂಕಿನ ಮೇಲೆ ಇಟ್ಟು ನೋಡಬೇಡಿ ಅಷ್ಟೇ.

ಸ್ಕೇಲು ಕಲಿಸಲು ಎಷ್ಟು ಲೆಕ್ಕ ಬೇಕು?

ಗುಣಾಕಾರ ಸಾಕು. 1:50,000ರ ನಕಾಶೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಆದರೆ ಅಳೆದ ದೂರ ಬೇರೆ, ಕ್ರಮಿಸುವ ದೂರ ಬೇರೆ ಎಂಬುದನ್ನು ಅದೇ ದಿನ ಹೇಳಿಬಿಡಬೇಕು. ಕಾರವಾರದಿಂದ ಶಿರಸಿಗೆ ನೇರ ಗೆರೆ ಎಳೆದರೆ 80 ಕಿಲೋಮೀಟರ್ ಒಳಗೇ ಬರುತ್ತದೆ. ಬಸ್ಸಿನಲ್ಲಿ ಕೂತವರಿಗೆ ಅದು 110 ದಾಟುತ್ತದೆ. ತದಡಿಯಲ್ಲಿ ನಿಂತರೆ ಅಘನಾಶಿನಿ ಊರು ಹೊಳೆಬಾಯಿಯ ಆಚೆ ಕಣ್ಣೆದುರಿಗೇ ಇದೆ. ತಾರಿ (ಹೊಳೆ ದಾಟಿಸುವ ದೋಣಿ) ಇಲ್ಲದ ಹೊತ್ತಿನಲ್ಲಿ ಪಾರ್ಸೆಲ್ ತಲುಪಿಸಬೇಕಾದರೆ ಗೋಕರ್ಣ, ಮಾದನಗೇರಿ, ಮಿರ್ಜಾನ, ಕುಮಟಾ ಸುತ್ತಿ ಬರಬೇಕು. ದಾರಿಯ ಮೇಲೆ ದಾರ ಹಾಸಿ ಅಳೆಯುವುದು ಹಳೆಯ ವಿಧಾನ, ಇವತ್ತಿಗೂ ಅದೇ ಒಳ್ಳೆಯದು.

ಗುಡ್ಡದ ಆ ಕಂದು ಗೆರೆಗಳನ್ನು ಎಲ್ಲರಿಗೂ ಕಲಿಸಬೇಕೇ?

ಬೇಡ. ಪೇಟೆಯಲ್ಲಿ ಡೆಲಿವರಿ ಮಾಡುವವರಿಗೆ ಸಮೋನ್ನತ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹೇಳಿಕೊಟ್ಟು ಹೊತ್ತು ಕಳೆಯಬೇಡಿ. ವಾಚರುಗಳಿಗೆ, ಚಾರಣದ ಗೈಡುಗಳಿಗೆ, ನೀರಿನ ಪೈಪು ಎಳೆಯುವವರಿಗೆ, ಲೈನ್‌ಮನ್‌ಗಳಿಗೆ ಬೇಕು. ಜೇಡಿಮಣ್ಣಿನ ಗುಡ್ಡ ಮಾಡಿ ದೊಡ್ಡ ಪಾತ್ರೆಯಲ್ಲಿಟ್ಟು, ಒಂದೊಂದು ಬೆರಳೆತ್ತರಕ್ಕೆ ನೀರು ಏರಿಸುತ್ತ, ನೀರು ಮುಟ್ಟಿದಲ್ಲಿ ಗೆರೆ ಗೀರಿಸಿ. ಮೇಲಿನಿಂದ ನೋಡಿದರೆ ನಕಾಶೆಯೇ ಕಾಣುತ್ತದೆ. ಸರ್ವೆ ಆಫ್ ಇಂಡಿಯಾದ 1:50,000ರ ಹಾಳೆಗಳಲ್ಲಿ ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾದಿಂದ ಅಲ್ಲಿಗೆ ಹತ್ತುವುದೆಂದರೆ ಮೂವತ್ತರಷ್ಟು ಗೆರೆ ಮೇಲೇರಿದ ಹಾಗೆ. ಆ ಗೆರೆಗಳಲ್ಲಿ ಹೆಚ್ಚಿನವು ಘಟ್ಟದ ಹತ್ತಿರ ಒತ್ತೊತ್ತಾಗಿ ಬಂದಿರುವುದನ್ನು ತೋರಿಸಿದರೆ ಚಾಲಕರು ತಾವಾಗಿಯೇ "ಇಲ್ಲಿ ಸೆಕೆಂಡ್ ಗೇರು" ಎನ್ನುತ್ತಾರೆ.

ಯಾವ ನಕಾಶೆ ಇಟ್ಟುಕೊಳ್ಳಬೇಕು? ಎಲ್ಲಿ ಸಿಗುತ್ತದೆ?

ಸರ್ವೆ ಆಫ್ ಇಂಡಿಯಾ 1767ರಲ್ಲಿ ಶುರುವಾದ ಸಂಸ್ಥೆ. ಅದರ ಹಳೆಯ ಹಾಳೆಸಂಖ್ಯೆಯ ಪ್ರಕಾರ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ, ಯಲ್ಲಾಪುರ ಪಟ್ಟಣಗಳೆಲ್ಲ 48 ಜೆ ಎಂಬ ಚೌಕದಲ್ಲಿ ಬರುತ್ತವೆ. ಜೋಯಿಡಾ, ದಾಂಡೇಲಿ ಅದರ ಮೇಲಿನ 48 ಐನಲ್ಲಿ. 2005ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಸಾರ್ವಜನಿಕರಿಗಾಗಿ ಬೇರೆಯೇ ಸರಣಿ ಬಂತು, ಅದರ ಸಂಖ್ಯೆಗಳೂ ಬೇರೆ. ಆ ಸರಣಿಯ ಹಾಳೆಗಳನ್ನು ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಇಸ್ರೋದ ನಕಾಶೆ ಜಾಲತಾಣ ಭುವನ್ ಕೂಡ ಉಪಯೋಗಕ್ಕಿದೆ. ಕೆಲಸಕ್ಕೆ ತಕ್ಕ ನಕಾಶೆ ಆರಿಸಿ: ವಾಚರಿಗೆ ಟೋಪೋ ಶೀಟು (ಸರ್ವೆ ಆಫ್ ಇಂಡಿಯಾದ ಈ ಹಾಳೆಗಳು), ಚೈನಿನವರಿಗೆ ಗ್ರಾಮ ನಕಾಶೆ, ಬೋಟಿನವರಿಗೆ ಡೆಹ್ರಾಡೂನಿನ ನೌಕಾ ಜಲಮಾಪನ ಕಚೇರಿ ಹೊರಡಿಸುವ ಕಡಲ ಚಾರ್ಟು. ಎಲ್ಲರಿಗೂ ಎಲ್ಲವನ್ನೂ ಹಂಚುವುದು ಅನುದಾನ ಖರ್ಚು ಮಾಡುವ ಒಂದು ರೀತಿ, ಅಷ್ಟೇ.

ಬೋಟಿನವರಿಗೆ ಜಿಪಿಎಸ್ ಬಳಸಲು ಬರುತ್ತದೆ. ಅವರಿಗೆ ಏನು ಕಲಿಸುವುದಿದೆ?

ಗುಂಡಿ ಒತ್ತಲು ನಮಗಿಂತ ಚೆನ್ನಾಗಿ ಬರುತ್ತದೆ. ಎಡವುವುದು ಅಂಕಿಯ ಬರವಣಿಗೆಯಲ್ಲಿ. ಒಂದೇ ಜಾಗವನ್ನು ಮೂರು ರೀತಿ ಬರೆಯುತ್ತಾರೆ: ಬರೀ ಡಿಗ್ರಿಯ ದಶಮಾಂಶದಲ್ಲಿ, ಡಿಗ್ರಿ ಮತ್ತು ಮಿನಿಟಿನ ದಶಮಾಂಶದಲ್ಲಿ, ಡಿಗ್ರಿ–ಮಿನಿಟು–ಸೆಕೆಂಡಿನಲ್ಲಿ. ಬೋಟಿನ ಯಂತ್ರ ಸಾಮಾನ್ಯವಾಗಿ ಎರಡನೆಯದನ್ನು ತೋರಿಸುತ್ತದೆ, ಫೋನು ಮೊದಲನೆಯದನ್ನು.

ಒಂದು ಡಿಗ್ರಿಗೆ 60 ಮಿನಿಟು. ಕಾರವಾರದ ಅಕ್ಷಾಂಶ 14 ಡಿಗ್ರಿ 48 ಮಿನಿಟು. ಯಾರೋ ಅದನ್ನು ಅವಸರದಲ್ಲಿ 14.48 ಎಂದು ಬರೆದುಕೊಂಡರು ಎನ್ನಿ. ಫೋನಿಗೆ ಅದು 14 ಡಿಗ್ರಿ 28.8 ಮಿನಿಟು. ವ್ಯತ್ಯಾಸ 19.2 ಮಿನಿಟು. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್. ಒಟ್ಟು 35 ಕಿಲೋಮೀಟರ್ ಮೇಲೆ ತಪ್ಪಿತು. ಕಾರವಾರದೆದುರು ಕಾಯುತ್ತಿರುವ ಬೋಟನ್ನು ಹುಡುಕುವವರು ಕುಮಟಾ ತಾಲ್ಲೂಕಿನೆದುರು ಹುಡುಕುತ್ತಿರುತ್ತಾರೆ. ಈ ಲೆಕ್ಕವನ್ನು ಹಲಗೆಯ ಮೇಲೆ ಒಮ್ಮೆ ಮಾಡಿ ತೋರಿಸಿದರೆ ಬೇರೆ ಉಪನ್ಯಾಸ ಬೇಡ. ಆಮೇಲೆ "ಹದಿನಾಲ್ಕು ಡಿಗ್ರಿ, ನಲವತ್ತೆಂಟು ದಶಮಾಂಶ ಎಂಟು ಮಿನಿಟು, ಉತ್ತರ" ಎಂದು ಪೂರ್ತಿ ಹೇಳಿಸಿ, ಎದುರಿನವನಿಂದ ತಿರುಗಿ ಹೇಳಿಸಿ. ವೈರ್‌ಲೆಸ್ ಸೆಟ್ಟಿನ ಗರಗರ ಸದ್ದಿನಲ್ಲಿ ಅಂಕಿಯ ಜೊತೆ ಅದರ ಮಾನವನ್ನೂ ಹೇಳದಿದ್ದರೆ ಕಥೆ ಮುಗಿಯಿತು.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮೀನು ಸಿಗಬಹುದಾದ ಪ್ರದೇಶದ ಮುನ್ಸೂಚನೆ ಒಳ್ಳೆಯ ಪಾಠ್ಯವಸ್ತು. ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ, ಅಕ್ಷಾಂಶ ರೇಖಾಂಶ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಹಳೆಯದೊಂದನ್ನು ಕೊಟ್ಟು ಚಾರ್ಟಿನ ಮೇಲೆ ಗುರುತು ಹಾಕಿಸಿ. ಹಿರಿಯ ತಾಂಡೇಲರು (ಬೋಟು ನಡೆಸುವವರು) ಆ ಜಾಗದಲ್ಲಿ ಕಲ್ಲು ಇದೆ, ಬಲೆ ಹರಿಯುತ್ತದೆ ಎಂದು ಹೇಳಿದರೆ ಅದನ್ನೂ ಬರೆಸಿ.

ಪಹಣಿಯ ಸರ್ವೆ ನಂಬರಿನಿಂದ ಮನೆ ಹುಡುಕಬಹುದೇ?

ಸರ್ವೆ ನಂಬರು ಜಮೀನಿನದು, ಮನೆಯದಲ್ಲ. ಆದರೂ ಹಳ್ಳಿಗಳಲ್ಲಿ ಅದು ಬಹಳ ಸಹಾಯಕ್ಕೆ ಬರುತ್ತದೆ. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪು ನೀವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಸರ್ವೆ ಸಹಾಯಕರ ಕೆಲಸಕ್ಕೆ ಬರುವವರು ಇದರ ಜೊತೆಗೆ ಗ್ರಾಮ ನಕಾಶೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ಚಿತ್ರ), ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ಓದುವುದನ್ನೂ ಕಲಿಯಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಒಂದು ಗುಂಟೆ ಎಂದರೆ 33 ಅಡಿ ಉದ್ದಗಲದ ಚೌಕ ಎಂಬುದು ಬಾಯಿಪಾಠವಾಗಿರಬೇಕು. ಅಂಗಳದಲ್ಲಿ ಹಗ್ಗ ಹಿಡಿದು ಒಂದು ಗುಂಟೆ ಅಳೆಸಿದರೆ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅಡಿಕೆ ತೋಟದ ನೆರಳಿನಲ್ಲಿ ಇನ್ನೂ ಹೆಚ್ಚು. ದಿಶಾಂಕ್ ಹಿಡಿದುಕೊಂಡು ಬೇಲಿ ಜಗಳಕ್ಕೆ ಹೋಗಬಾರದು. ಅದಕ್ಕೆ ಹದ್ದುಬಸ್ತಿಗೆ (ಸರ್ವೆಯವರಿಂದ ಗಡಿ ಗುರುತು ಮಾಡಿಸಲು) ಅರ್ಜಿ ಹಾಕುವ ಕ್ರಮವಿದೆ. ತರಬೇತಿ ಮುಗಿಸಿದ ಹುಡುಗ ಊರಿಗೆ ಹೋಗಿ ದಾಯಾದಿಗಳಿಗೆ ಗಡಿ ತೋರಿಸಲು ಹೊರಟರೆ ನಿಮ್ಮ ತರಗತಿಗೆ ಕೆಟ್ಟ ಹೆಸರು.

ವಿಳಾಸ ಬರೆಸಿಕೊಳ್ಳುವಾಗ ಏನೇನು ಕೇಳಬೇಕು?

ಊರಿನ ಹೆಸರು ಒಂದೇ ಸಾಲದು. ಅಂಕೋಲಾ ತಾಲ್ಲೂಕಿನಲ್ಲಿ ಶಿರೂರು ಇದೆ, ಭಟ್ಕಳ ದಾಟಿದ ಮೇಲೆ ಉಡುಪಿ ಜಿಲ್ಲೆಯಲ್ಲೂ ಶಿರೂರು ಇದೆ. ಎರಡೂ ಇರುವುದು ಅದೇ 66ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ. ಕಾರವಾರದಲ್ಲಿ ದೇವಬಾಗ ಇದೆ, ಮಹಾರಾಷ್ಟ್ರದ ಮಾಲವಣದ ಹತ್ತಿರವೂ ಇದೆ. ಗೋಕರ್ಣ ರೋಡ್ ಎಂಬ ರೈಲು ನಿಲ್ದಾಣ ಗೋಕರ್ಣ ಪೇಟೆಯಲ್ಲಿಲ್ಲ, ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ. ಹಾಗಾಗಿ ಊರು, ತಾಲ್ಲೂಕು, ಪಿನ್‌ಕೋಡು ಮೂರನ್ನೂ ಕೇಳುವ ರೂಢಿ ಮಾಡಿಸಿ. ಕಾರವಾರ 581301, ಶಿರಸಿ 581401.

ಶಿರಸಿ, ಸಿದ್ದಾಪುರದ ಕಡೆ ಮನೆಗಳು ಒಂದೊಂದು ತೋಟಕ್ಕೆ ಒಂದೊಂದು. ಅಲ್ಲಿ ನಾಲ್ಕನೆಯ ಪ್ರಶ್ನೆ ಬೇಕು: ಗಾಡಿ ಎಲ್ಲಿಯವರೆಗೆ ಬರುತ್ತದೆ? ಕೊನೆಯ ಉಣುಗೋಲಿನ (ಬೇಲಿಯ ಅಡ್ಡಗೋಲಿನ ಬಾಗಿಲು) ತನಕವೋ, ಕಾಲುಸಂಕದ ತನಕವೋ? ಆಂಬುಲೆನ್ಸಿನವರಿಗೆ ಸ್ಟ್ರೆಚರ್ ಎಷ್ಟು ದೂರ ಹೊರಬೇಕು ಎಂಬುದು ಈ ಪ್ರಶ್ನೆಯಿಂದಲೇ ತಿಳಿಯಬೇಕು. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ದೇಶವನ್ನೆಲ್ಲ ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಒಡೆದು, ಒಂದೊಂದಕ್ಕೆ ಹತ್ತು ಅಕ್ಷರ–ಅಂಕಿಗಳ ಗುರುತು ಕೊಟ್ಟಿದ್ದಾರೆ. ಒಂಟಿಮನೆಗಳ ಈ ಸೀಮೆಗೆ ಅದು ಹೇಳಿ ಮಾಡಿಸಿದ್ದು. ಮನೆಯ ಬಾಗಿಲ ಹಿಂದೆ ಬರೆದಿಟ್ಟುಕೊಳ್ಳಲು ಈಗಲೇ ಹೇಳಿ.

ನಕಾಶೆಯಲ್ಲಿರುವುದು ನೆಲದ ಮೇಲೆ ಇಲ್ಲದಿದ್ದರೆ?

ನೆಲವನ್ನು ನಂಬಿ. ಮುದ್ರಣದ ವರ್ಷವನ್ನು ಮೊದಲು ನೋಡುವ ಅಭ್ಯಾಸ ಮಾಡಿಸಿ. ಹಳೆಯ ಟೋಪೋ ಶೀಟಿನಲ್ಲಿ ಸೂಪಾ ಪೇಟೆ ಇದೆ, ಇವತ್ತು ಅಲ್ಲಿರುವುದು ಅಣೆಕಟ್ಟೆಯ ಹಿನ್ನೀರು. ಕೊಂಕಣ ರೈಲು ಪೂರ್ತಿಯಾಗಿ ಓಡಾಡತೊಡಗಿದ್ದು 1998ರಲ್ಲಿ, ಅದಕ್ಕೆ ಬಹಳ ಹಿಂದಿನ ಹಾಳೆಗಳಲ್ಲಿ ಹಳಿಯೇ ಇಲ್ಲ. ಹೆದ್ದಾರಿಗಳ ಸಂಖ್ಯೆ ಬದಲಾದದ್ದು 2010ರಲ್ಲಿ: 17 ಹೋಗಿ 66 ಆಯಿತು, ಅಂಕೋಲಾ–ಯಲ್ಲಾಪುರ–ಹುಬ್ಬಳ್ಳಿಯ 63 ಈಗ 52, ಹೊನ್ನಾವರದಿಂದ ಜೋಗದ ಕಡೆ ಹತ್ತುವ 206 ಈಗ 69. ಹಿರಿಯ ಚಾಲಕರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಇವೆ, ಎರಡನ್ನೂ ಕಲಿಸಿ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರಂದು ಕಾರವಾರ–ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಂಥ ದಿನ ಬೇಕಾಗುವುದು ಜಿಲ್ಲೆಯ ಘಟ್ಟದ ದಾರಿಗಳ ಪೂರ್ತಿ ಚಿತ್ರ. ಕರಾವಳಿಯ ಯಾವ ಭಾಗ ಮುಚ್ಚಿದರೆ ಯಾವ ಘಟ್ಟ ಹತ್ತಿ ಯಾವುದರಲ್ಲಿ ಇಳಿಯಬೇಕು ಎಂಬುದನ್ನು ಚಾಲಕರ ತಂಡಕ್ಕೆ ಫೋನಿಲ್ಲದೆ ಬಿಡಿಸಲು ಹಚ್ಚಿ. ಅರ್ಧ ದಿನ ಹೋದರೂ ಚಿಂತೆಯಿಲ್ಲ.

ಎಲ್ಲಿ ಬೇಕಾದರೂ ನಕಾಶೆ ಬಿಡಿಸಬಹುದೇ, ಫೋಟೋ ತೆಗೆಯಬಹುದೇ?

ಇಲ್ಲ. ಅರ್ಗಾದ ಕದಂಬ ನೌಕಾನೆಲೆ, ಕೈಗಾ ಅಣುಸ್ಥಾವರ, ಬಂದರಿನ ಕಾವಲು ಇರುವ ಭಾಗ, ಇವುಗಳ ಸುತ್ತ ಹೊರಾಂಗಣ ಪಾಠ ಇಟ್ಟುಕೊಳ್ಳಬೇಡಿ. ಡ್ರೋನಿನ ಮಾತಂತೂ ಬೇಡವೇ ಬೇಡ. ಕೋಡಿಬಾಗ, ಕಾಜುಬಾಗದ ಓಣಿಗಳು ಅಭ್ಯಾಸಕ್ಕೆ ಧಾರಾಳ ಸಾಕು.

ಹೆಂಗಸರಿಗೆ ನಕಾಶೆ ಹತ್ತುವುದಿಲ್ಲ ಅನ್ನುತ್ತಾರಲ್ಲ?

ಅನ್ನುವವರನ್ನು ನೆಲದ ನಕಾಶೆಯ ದಿನ ಕರೆದುಕೊಂಡು ಬನ್ನಿ.

ಸಣ್ಣ ಅಕ್ಷರ ಕಾಣುವುದಿಲ್ಲ ಎಂದು ಸುಮ್ಮನೆ ಕೂರುವವರಿಗೆ ಏನು ಮಾಡುವುದು?

ನಲವತ್ತು ದಾಟಿದವರಲ್ಲಿ ಅರ್ಥವಾಗಲಿಲ್ಲ ಎನ್ನುವವರಿಗೆ ಎಷ್ಟೋ ಸಲ ಬೇಕಾದದ್ದು ಚಾಳೀಸು. ಎರಡು ಮೂರು ಪವರಿನ ಅಗ್ಗದ ಕನ್ನಡಕಗಳನ್ನು ಮೇಜಿನ ಮೇಲಿಡಿ, ಯಾರನ್ನೂ ಹೆಸರು ಹಿಡಿದು ಕರೆಯಬೇಡಿ. ಕೆಂಪು–ಹಸಿರು ಬೇರ್ಪಡಿಸಲಾಗದ ಗಂಡಸರೂ ಇರುತ್ತಾರೆ. ಟೋಪೋ ಶೀಟಿನಲ್ಲಿ ಕಾಡು ಹಸಿರು, ರಸ್ತೆ ಕೆಂಪು. ಬಣ್ಣದ ಜೊತೆ ಗೆರೆಯ ಆಕಾರವನ್ನೂ ತೋರಿಸಿ ಕಲಿಸಿದರೆ ಅವರಿಗೂ ದಾರಿ ಸಿಗುತ್ತದೆ.

ತರಗತಿಗೆ ಯಾವ ತಿಂಗಳು ಒಳ್ಳೆಯದು?

ಯಾಂತ್ರಿಕ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರ ತನಕ. ಮೀನುಗಾರಿಕೆ ನಿಷೇಧದ ಆ 61 ದಿನ ಬಿಟ್ಟರೆ ಅವರು ಕೈಗೆ ಸಿಗುವುದಿಲ್ಲ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ದಿನಗಳಲ್ಲಿ ತರಗತಿ ಇಟ್ಟರೆ ಖಾಲಿ ಕುರ್ಚಿಗೆ ಪಾಠ ಮಾಡಬೇಕಾದೀತು. ವಾಚರುಗಳಿಗೆ ಬೆಂಕಿಯ ಕಾಲ ಶುರುವಾಗುವ ಮೊದಲೇ ಮುಗಿಸಿ.

ಪರೀಕ್ಷೆ ಹೇಗೆ ಮಾಡುತ್ತೀರಿ? ಪ್ರಮಾಣಪತ್ರ ಕೊಡುತ್ತೀರಾ?

ಬರೆಯುವ ಪರೀಕ್ಷೆ ಇಲ್ಲ. ಕಲಿತವರನ್ನು ಇಬ್ಬಿಬ್ಬರಾಗಿ ಮಾಡುತ್ತೇವೆ. ಒಬ್ಬರನ್ನು ಅವರಿಗೆ ಪರಿಚಯವಿಲ್ಲದ ಜಾಗದಲ್ಲಿ ಇಳಿಸುತ್ತೇವೆ. ಶಿರಸಿಯಲ್ಲಾದರೆ ಯಲ್ಲಾಪುರ ರಸ್ತೆಯ ಯಾವುದೋ ಅಡ್ಡದಾರಿ, ಕುಮಟಾದಲ್ಲಾದರೆ ಗಿಬ್ ಸರ್ಕಲ್ ಬಿಟ್ಟು ಒಳಗಿನ ಕೇರಿ. ಇನ್ನೊಬ್ಬರು ಕೇಂದ್ರದಲ್ಲಿ ಕಾಗದದ ನಕಾಶೆ ಹಿಡಿದು ಕೂತಿರುತ್ತಾರೆ. ಸಾದಾ ಕರೆ ಒಂದೇ ಸಲ, ಎರಡು ನಿಮಿಷ. ಲೊಕೇಶನ್ ಕಳಿಸುವಂತಿಲ್ಲ. ಕರೆ ಮುಗಿದ ಮೇಲೆ ಕೇಂದ್ರದಲ್ಲಿದ್ದವರು ನಕಾಶೆಯ ಮೇಲೆ ಪೆನ್ಸಿಲ್ ಗುರುತು ಹಾಕಿ, ಬೈಕು ಹತ್ತಿ, ಯಾರನ್ನೂ ದಾರಿ ಕೇಳದೆ ಅಲ್ಲಿಗೆ ಹೋಗಬೇಕು. ಸಿಕ್ಕರೆ ಇಬ್ಬರೂ ಪಾಸು, ಸಿಗದಿದ್ದರೆ ಇಬ್ಬರೂ ಇನ್ನೊಮ್ಮೆ. ಪ್ರಮಾಣಪತ್ರದಲ್ಲಿ ಅಂಕ ಹಾಕುವುದಿಲ್ಲ, ಯಾವ ನಕಾಶೆ ಓದಲು ಬರುತ್ತದೆ ಎಂದಷ್ಟೇ ಬರೆಯುತ್ತೇವೆ: ಟೋಪೋ, ಗ್ರಾಮ ನಕಾಶೆ, ಕಡಲ ಚಾರ್ಟು. ಕೆಲಸ ಕೊಡುವವರು ಕೇಳುವುದೂ ಅದನ್ನೇ.